ಮಾವನ ಎದುರು ಕೇಳಿದ ಪ್ರಶ್ನೆ

ನಾಲ್ಕು ವರ್ಷಗಳ ಹಿಂದೆ ನಾನು ವಿಶಾಖಪಟ್ಟಣದಲ್ಲಿ ಮಕ್ಕಳ ಪ್ರಕರಣಗಳನ್ನು ನೋಡುವ ಉಚಿತ ಕಾನೂನು ನೆರವಿನ ವಕೀಲೆಯಾಗಿದ್ದೆ. ತವರು ಬಳ್ಳಾರಿ; ತೆಲುಗು ಮನೆಗೆ ಸೊಸೆಯಾಗಿ ಬಂದು ಆಗಲೇ ಇಪ್ಪತ್ತಾರು ವರ್ಷ. ಕೆಲಸದ ಜಾಗದಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪ.

ಆ ಹುಡುಗಿಯನ್ನು ಇಲ್ಲಿ ಸರೋಜಾ ಎನ್ನುತ್ತೇನೆ. ಹದಿನಾಲ್ಕು ವರ್ಷ, ಒಂಬತ್ತನೇ ತರಗತಿ. ತಂದೆ ಮೊದಲೇ ಇರಲಿಲ್ಲ. ಸಿಂಹಾಚಲಂ ದೇವಸ್ಥಾನದ ಮೆಟ್ಟಿಲ ಬಳಿ ಹೂವು ಮಾರುತ್ತಿದ್ದ ತಾಯಿಯೂ ತೀರಿಕೊಂಡ ಮೇಲೆ ಬಾಲಕಿಯರ ವಸತಿಗೃಹ ಸೇರಿದ್ದಳು. ಅವಳನ್ನು ಕರೆದೊಯ್ಯಲು ಬಳ್ಳಾರಿ ಕಡೆಯಿಂದ ಸೋದರಮಾವ ಬಂದ. ಮಗುವನ್ನು ಯಾರಿಗೆ ಒಪ್ಪಿಸಬೇಕೆಂದು ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಅಲ್ಲಿ ಮಗುವಿನ ಪರ ಮಾತಾಡಬೇಕಾದವಳು ನಾನು.

"ಅಕ್ಕನ ಮಗಳ್ರಿ ಮೇಡಂ, ನಮ್ಮನ್ಯಾಗ ಬೆಳೀಲಿ ಬಿಡ್ರಿ," ಎಂದ. ಊರ ಮಾತು ಕೇಳಿದ್ದೇ ತಡ, ನನ್ನ ಅರ್ಧ ವಕೀಲಿಕೆ ಕರಗಿಹೋಯಿತು. ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹುಡುಗಿಯನ್ನು ಅವಳ ತಾಯಿಯ ಕನ್ನಡದಲ್ಲೇ ಕೇಳಿದೆ: "ಮಾವನ ಜೊತಿ ಹೋಗ್ತೀಯೇನವ್ವಾ?" ಅವಳು ನೆಲ ನೋಡುತ್ತಾ ಹೂಂ ಎಂಬಂತೆ ತಲೆಯಾಡಿಸಿದಳು. ನಾಚಿಕೆ ಇರಬೇಕು ಎಂದುಕೊಂಡೆ. ಹುಡುಗಿಯ ಒಪ್ಪಿಗೆಯಿದೆ ಎಂದು ಸಮಿತಿಗೆ ತಿಳಿಸಿದೆ. ಸಮಿತಿ ಅವಳನ್ನು ಮಾವನ ಜೊತೆ ಕಳಿಸಿತು.

ಎರಡು ತಿಂಗಳ ನಂತರ ವಿಜಯವಾಡದಲ್ಲಿ ನಮ್ಮಂಥ ವಕೀಲರಿಗೆ ಐದು ದಿನಗಳ ಸರ್ಟಿಫಿಕೇಟ್ ತರಬೇತಿ. ಇಷ್ಟು ವರ್ಷ ಮಾಡಿದ್ದನ್ನು ಇನ್ಯಾರಿಂದ ಕಲಿಯುವುದು ಎಂಬ ಜಂಬದಲ್ಲೇ ಹೋದೆ. ಕೊನೆಯ ದಿನ ಪರೀಕ್ಷೆ. ಮಗುವಿನ ಇಚ್ಛೆಯನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆಯಿತ್ತು. "ಬಂಧುಗಳಿಲ್ಲದ ಕೋಣೆಯಲ್ಲಿ, ಒಂದಕ್ಕಿಂತ ಹೆಚ್ಚು ಸಲ ಕೇಳಿ" ಎಂದು ಬರೆದೆ. ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಅಕ್ಕನ ಮಗಳ ಮೇಲೆ ಸೋದರಮಾವನಿಗೇ ಮೊದಲ ಹಕ್ಕು ಎಂಬ ಮಾತು ಕೇಳುತ್ತಲೇ ಬೆಳೆದವಳು ನಾನು. ಆದರೂ ಅವನಿಗೆ ಮದುವೆಯಾಗಿದೆಯೇ ಎಂದು ಒಂದು ಮಾತು ಕೇಳಿರಲಿಲ್ಲ.

ಹೊರಗೆ ಬಂದವಳೇ ಬಳ್ಳಾರಿಯ ಮಕ್ಕಳ ರಕ್ಷಣಾ ಅಧಿಕಾರಿಗೆ ಫೋನ್ ಮಾಡಿದೆ. ಅವರು ಮರುದಿನವೇ ಆ ಮನೆಗೆ ಹೋದರು. ಮಾವ ತಾಳಿ ಕಟ್ಟಿ ಹದಿನೆಂಟು ದಿನವಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೆಟ್ಟದ್ದು ಮಾತ್ರ ನನ್ನ ಬದುಕಲ್ಲ.

ಮಾವನ ಮೇಲೆ ಕೇಸಾಯಿತು, ಸರೋಜಾ ಮತ್ತೆ ವಸತಿಗೃಹಕ್ಕೆ ಬಂದಳು. ನೋಡಲು ಹೋದೆ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಅವಳು ಅಳಲಿಲ್ಲ.

"ಮಾವ ಅಲ್ಲೇ ಕುಂತಿದ್ನಲ್ರಿ ಮೇಡಂ. ಒಲ್ಲೆ ಅಂತ ಹೆಂಗ ಹೇಳ್ಲಿ?"

ಪರೀಕ್ಷೆಯ ಆ ಉತ್ತರಕ್ಕೆ ನನಗೆ ಪೂರ್ಣ ಅಂಕ ಬಂದಿತ್ತು. ಸರ್ಟಿಫಿಕೇಟನ್ನು ಗೋಡೆಗೆ ಹಾಕಲು ಮನಸ್ಸಾಗಲಿಲ್ಲ. ಈಗ ಎಂಥ ನೆಂಟರೇ ಬರಲಿ, ಮೊದಲು ಹೊರಗೆ ಕಳಿಸಿ ಬಾಗಿಲು ಹಾಕುತ್ತೇನೆ. ಕನ್ನಡ ಮಾತಾಡುವವರನ್ನು ಇನ್ನೂ ಬೇಗ ಕಳಿಸುತ್ತೇನೆ.