ಹೊಳೆಹೆಗ್ಗಣದ ಮಾಸ್ಟ್ರು

ಪ್ರಾಣಿಶಾಸ್ತ್ರವನ್ನು ಕನ್ನಡದಲ್ಲಿಯೂ ಚೆಂದವಾಗಿ ಹೇಳಬಹುದೆಂದು ಮಂಗಳೂರಿನ ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ಪಾಠ ಮಾಡಿಯೇ ತೋರಿಸಿಕೊಟ್ಟವರು ನಮ್ಮ ಗುರುಗಳಾದ ಪ್ರೊಫೆಸರ್ ಯೂಸ್ಟೇಸ್ ಮಿನೇಜಸ್. ಮನೆಯಲ್ಲಿ ಕೊಂಕಣಿ, ಕಂಕನಾಡಿ ಮಾರ್ಕೆಟಿನಲ್ಲಿ ತುಳು. ಪ್ರಾಣಿಗಳಿಗೆ ಹೆಸರಿಡಲು ಮಾತ್ರ ಅವರಿಗೆ ಕನ್ನಡವೇ ಆಗಬೇಕು. ಈ ಹಟದಲ್ಲಿ ಅವರು ಒಮ್ಮೆ ಎಡವಿದ್ದರು. ಅದನ್ನು ಅವರು ತಿದ್ದಿಕೊಂಡ ರೀತಿಯಿಂದಲೇ ನಾನು ಇಂದು ಅಧ್ಯಾಪಕಿಯಾಗಿದ್ದೇನೆ.

ನಗರದ ಹೊರಗಿನ ಖಾಸಗಿ ಪ್ರಾಣಿಸಂಗ್ರಹಾಲಯವೊಂದಕ್ಕೆ ದಕ್ಷಿಣ ಅಮೆರಿಕದ ಕ್ಯಾಪಿಬರಾಗಳು ಬಂದಾಗ, ಫಲಕಕ್ಕೆ ಕನ್ನಡ ಹೆಸರು ಬೇಕೆಂದು ಕೇಳಿದ್ದು ಸರ್ ಅವರನ್ನೇ. ಆ ಪ್ರಾಣಿಯ ಶಾಸ್ತ್ರೀಯ ಹೆಸರಿಗೆ ‘ನೀರಿನ ಹಂದಿ’ ಎಂದರ್ಥ. ಸರ್ ಹಿಂದೆಮುಂದೆ ನೋಡದೆ ‘ನೀರುಹಂದಿ’ ಎಂದು ಬರೆಸಿ, ಪತ್ರಿಕೆಗೊಂದು ಲೇಖನವನ್ನೂ ಕೊಟ್ಟು ಹಿರಿಹಿರಿ ಹಿಗ್ಗಿದರು.

ನನ್ನ ಎಂಎಸ್ಸಿ ಪ್ರಾಜೆಕ್ಟಿಗೆ ಸಿಕ್ಕಿದ್ದು ಅದೇ ಪ್ರಾಣಿ. ಹೊಳೆಯಾಚೆಯ ಬೆಂಗ್ರೆಯ ನಮ್ಮ ಮನೆಯಲ್ಲಿ ನನ್ನ ತಾಯಿ, ಉಮ್ಮ, ಆ ಲೇಖನ ಓದಿಸಿಕೊಂಡು ಕೇಳಿದವರೇ, ಹಂದಿಯ ಹಿಂದೆ ಸುತ್ತುವ ಓದಾದರೆ ಓದೇ ಬೇಡ, ಝೈನಬ್ ನಾಳೆಯಿಂದ ಮನೆಯಲ್ಲಿರಲಿ ಎಂದುಬಿಟ್ಟರು. ನಾನು ಸರ್ ಮುಂದೆ ಅತ್ತೆ. ಬೇರೆ ಪ್ರಾಣಿ ತೆಗೆದುಕೋ ಎಂದು ಅವರು ಸುಲಭವಾಗಿ ಹೇಳಬಹುದಿತ್ತು.

ಹೇಳಲಿಲ್ಲ. ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ, ಅದೇ ಇಸ್ತ್ರಿ ಅಂಗಿಯಲ್ಲಿ ದೋಣಿ ಹತ್ತಿ ನಮ್ಮ ಮನೆಗೆ ಬಂದರು. ಚಹಾ ಕುಡಿಯುತ್ತ ಉಮ್ಮನಿಗೆ ಇಡೀ ಪಾಠ ಮಾಡಿದರು: ಇದು ಇಲಿ, ಹೆಗ್ಗಣಗಳ ಬಳಗದ ಅತಿ ದೊಡ್ಡ ಪ್ರಾಣಿ, ತಿನ್ನುವುದು ಹುಲ್ಲು, ಬೆರಳುಗಳ ನಡುವೆ ಬಾತುಕೋಳಿಗಿದ್ದಂತೆ ಚರ್ಮ, ಕಣ್ಣು, ಕಿವಿ, ಮೂಗು ತಲೆಯ ಮೇಲ್ಭಾಗದಲ್ಲೇ ಇರುವುದರಿಂದ ಮೈ ಮುಳುಗಿಸಿಕೊಂಡೂ ಸುತ್ತ ನೋಡುತ್ತದೆ, ಬಾಚಿಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ಆ ಕಡೆಯ ಕ್ರೈಸ್ತರು ಈಸ್ಟರಿಗೆ ಮುಂಚೆ ಮಾಂಸ ಬಿಡುವ ತಪಸ್ಸು ಕಾಲದಲ್ಲಿ, ನೀರಲ್ಲಿರುವುದರಿಂದ ಇದೂ ಮೀನೇ ಎಂದುಕೊಂಡು ತಿನ್ನುತ್ತಾರೆಂದು ಹೇಳಿದಾಗ ಉಮ್ಮ ನಕ್ಕರು. ಆಮೇಲೆ ಕೇಳಿದರು.

“ಹಂದಿ ಅಲ್ಲದ್ದಕ್ಕೆ ಹಂದಿ ಅಂತ ಎಂತಕ್ಕೆ ಹೆಸರಿಟ್ಟದ್ದು ಮಾಸ್ಟ್ರೆ? ಇಟ್ಟದ್ದು ಯಾರು?”

ಶಾಸ್ತ್ರೀಯ ಹೆಸರಿಟ್ಟ ಯುರೋಪಿನ ಹಳೆಯ ಪಂಡಿತರ ತಲೆಗೆ ತಪ್ಪನ್ನು ಕಟ್ಟಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಸರ್ ಲೋಟ ಕೆಳಗಿಟ್ಟರು.

“ಕನ್ನಡದಲ್ಲಿ ಇಟ್ಟದ್ದು ನಾನೇ ಅಮ್ಮ. ತಪ್ಪಾಯ್ತು. ಬದಲು ಮಾಡ್ತೇನೆ.”

ಹಾಗೆಯೇ ಮಾಡಿದರು. ಕೊಟ್ಟ ಹೆಸರು ಹಿಂದಕ್ಕೆ ತೆಗೆದರೆ ಮರ್ಯಾದೆ ಹೋಗುತ್ತದೆಂದು ವಿಭಾಗದ ಬೊನಿಫಾಸ್ ಸರ್ ಎಚ್ಚರಿಸಿದರೂ ಕೇಳದೆ, ತಮ್ಮ ತಪ್ಪನ್ನು ಅದೇ ಪತ್ರಿಕೆಯಲ್ಲಿ ಒಪ್ಪಿಕೊಂಡು ಬರೆದರು, ಫಲಕ ‘ಹೊಳೆಹೆಗ್ಗಣ’ವಾಯಿತು. ಉಮ್ಮ ಸ್ವತಃ ಪ್ರಾಣಿಸಂಗ್ರಹಾಲಯಕ್ಕೆ ಬಂದು ಬೇಲಿಯಾಚೆಯ ಬಾಚಿಹಲ್ಲುಗಳನ್ನು ಚೆನ್ನಾಗಿ ನೋಡಿ, ಹೌದು, ಹೆಗ್ಗಣವೇ ಎಂದು ಒಪ್ಪಿಗೆ ಕೊಟ್ಟ ಮೇಲೆ ನನ್ನ ಓದು ಮುಂದುವರಿಯಿತು.

ಹೊಳೆಹೆಗ್ಗಣಗಳ ಗುಂಪಿನಲ್ಲಿ ಮರಿ ಯಾವ ತಾಯಿಯ ಬಳಿ ಹೋದರೂ ಹಾಲು ಸಿಗುತ್ತದೆ. ಇದನ್ನು ಬರೆದುಕೊಳ್ಳುವಾಗಲೆಲ್ಲ ನನಗೆ ನೆನಪಾಗುತ್ತಿದ್ದುದು ಕೊಟ್ಟಾರದ ಸರ್ ಮನೆ. ಯಾರ ಮಕ್ಕಳು ಹೋದರೂ ಸರ್ ಅವರ ಪತ್ನಿ ಎಸ್ತೆರ್ ಅಮ್ಮ ಊಟ ಬಡಿಸದೆ ಕಳಿಸಿದವರಲ್ಲ. ರಂಜಾನ್ ತಿಂಗಳಲ್ಲಿ ನನಗಾಗಿ ಖರ್ಜೂರ ತಂದಿಡುತ್ತಿದ್ದರು. ಆ ದಂಪತಿಯನ್ನು ನಾನು ತುಂಬ ಪ್ರೀತಿಸುತ್ತೇನೆ. ಎದುರು ನಿಂತು ಹೇಳಲು ಬಾಯಿ ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸರ್ ನಿವೃತ್ತರಾಗುತ್ತಿದ್ದಾರೆ, ಅವರ ಈ ಅಭಿನಂದನಾ ಪುಸ್ತಕಕ್ಕೆ ಬರೆಯಬೇಕು ಎಂದು ನಾನು ಹೇಳಿದಾಗ ಉಮ್ಮನಿಗೆ ಸಿಟ್ಟೇ ಬಂತು. ಇಂದಿಗೂ ಅವರ ಬಾಯಲ್ಲಿ ಸರ್ ‘ಹೆಗ್ಗಣದ ಮಾಸ್ಟ್ರು’. ಗುರುಗಳಿಗೆ ದೀರ್ಘಾಯುಷ್ಯವನ್ನೂ ಬಿಡುವಿಲ್ಲದ ಕೆಲಸವನ್ನೂ ಕೋರಲು ಉಮ್ಮನ ಮಾತಿಗಿಂತ ಒಳ್ಳೆಯದು ನನಗೆ ತೋಚುತ್ತಿಲ್ಲ.

“ನಿವೃತ್ತಿ ಎಂತದ್ದು? ತಪ್ಪು ಹೆಸರಿನ ಪ್ರಾಣಿಗಳು ಇನ್ನೂ ಎಷ್ಟು ಉಂಟೋ. ಅಲ್ಲಾಹು ಅವರಿಗೆ ಆಯುಷ್ಯ ಕೊಡಲಿ, ಎಲ್ಲ ಸರಿ ಮಾಡಿಯೇ ಕೂತುಕೊಳ್ಳಲಿ.”