ಒಂದೇ ಮರವಿದ್ದ ದಾರಿ

ಕಳೆದ ವಾರ ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ದುಬೈಯ ಸತ್ವಾದ ಹಿಂದಿನ ಗಲ್ಲಿಗೆ ಹೋಗಿದ್ದೆ. ಎರಡು ಟೈಲರ್ ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡಂತಿರುವ ಪುಟ್ಟ ಸೈಕಲ್ ಶಾಪು ಅದು. ರಿಪೇರಿಯವನು ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ ಸವರಿ, ಒಣಗಲೆಂದು ಬದಿಗಿಟ್ಟ. ಆ ರಬ್ಬರು, ಅಂಟಿನ ಘಾಟು ಮೂಗಿಗೆ ಬಡಿದದ್ದೇ ತಡ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನಮ್ಮ ಹಳೆಯ ಫ್ಲ್ಯಾಟು ಕಣ್ಣೆದುರು ಬಂತು. ಕತ್ತಲೆ ಪ್ಯಾಸೇಜು, ಗೋಡೆಗೆ ಒರಗಿಸಿಟ್ಟ ಸೈಕಲ್ಲು, ನೆಲಕ್ಕೆ ಪೇಪರ್ ಹಾಸಿ ಕುಳಿತು ಟ್ಯೂಬಿಗೆ ಪ್ಯಾಚ್ ಅಂಟಿಸುತ್ತಿದ್ದ ಬಾಯಮ್ಮ...

ನಮ್ಮ ಕರಾವಳಿಯಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವ ರೂಢಿ ಇದೆ. ಇವರು ನರ್ಸು, ಆಸ್ಪತ್ರೆಯಲ್ಲಿ ಎಲ್ಲರಿಗೂ ಸಿಸ್ಟರ್. ನನಗೆ ಮಾತ್ರ ಮೊದಲ ದಿನದಿಂದಲೂ ಬಾಯಮ್ಮ. ಮದುವೆಯಾಗಿ ಅಬುಧಾಬಿಗೆ ಬಂದಾಗ ನಮಗೆ ಇಡೀ ಫ್ಲ್ಯಾಟು ಹಿಡಿಯುವ ಶಕ್ತಿ ಇರಲಿಲ್ಲ. ಶೇರಿಂಗಿನಲ್ಲಿ ಒಂದು ಕೋಣೆ ನಮ್ಮದು, ಇನ್ನೊಂದು ಅವರದು, ಅಡುಗೆಮನೆ ಇಬ್ಬರಿಗೂ ಸೇರಿದ್ದು. ಮೂಡುಬಿದಿರೆ ಕಡೆಯವರು. ವಯಸ್ಸು ಐವತ್ತರ ಹತ್ತಿರ. ಮಕ್ಕಳಿರಲಿಲ್ಲ. ರಜೆಯ ದಿನ ಬೆಳಿಗ್ಗೆಯೇ ಅಲ್ ಮೀನಾ ಬಂದರಿನ ಮಾರ್ಕೆಟ್ಟಿಗೆ ಹೋಗಿ ಮೀನು ತಂದು, ನಮ್ಮ ಪಾಲಿನದ್ದನ್ನೂ ತಾವೇ ಶುಚಿ ಮಾಡಿ ಇಡುತ್ತಿದ್ದರು. ನನಗೆ ಮೀನು ಕುಯ್ಯಲು ಬರುವುದಿಲ್ಲ ಎಂಬುದನ್ನು ಅವರು ಎರಡನೆಯ ದಿನವೇ ಕಂಡುಕೊಂಡಿದ್ದರು. ಆದರೆ ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ.

ಅವರ ಗಂಡ ತೀರಿಕೊಂಡದ್ದು ನಾವು ಆ ಮನೆಗೆ ಬರುವುದಕ್ಕೆ ಬಹಳ ಮುಂಚೆ. ಕೇಟರಿಂಗ್ ಕಂಪನಿಯೊಂದರ ವ್ಯಾನಿನಲ್ಲಿ ಮರುಭೂಮಿಯೊಳಗಿನ ಕ್ಯಾಂಪುಗಳಿಗೆ ಊಟ ಸಾಗಿಸುವ ಡ್ರೈವರಾಗಿದ್ದರಂತೆ. ಚಳಿಗಾಲದ ಒಂದು ಬೆಳಗಿನ ಜಾವ ಲಿವಾ ಕಡೆಗೆ ಹೋಗುವಾಗ ದಟ್ಟ ಮಂಜು. ರಸ್ತೆಬದಿಯಲ್ಲಿ ನಿಂತಿದ್ದ ಟ್ರೇಲರ್ ಕಾಣಿಸಲೇ ಇಲ್ಲ. ಇಷ್ಟನ್ನು ಬಾಯಮ್ಮ ನನಗೆ ಹೇಳಿದ್ದು ಅಡುಗೆಮನೆಯಲ್ಲಿ, ಈರುಳ್ಳಿ ಹೆಚ್ಚುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಆ ಹೊತ್ತಿಗೆ ಅವರು ಡ್ಯೂಟಿಯಲ್ಲಿದ್ದರಂತೆ. ಶವ ನೋಡಿದ್ದು ಮಾರ್ಚುರಿಯಲ್ಲಿ. ಆಮೇಲೆ ಊರಿಗೆ ಕೊಂಡುಹೋಗಿ ಮಣ್ಣು ಮಾಡಿ ಬಂದರು. ಆ ಜಾಗವನ್ನು ಮಾತ್ರ ನೋಡಲೇ ಇಲ್ಲ.

ಒಂದು ದಿನ ಅವರು ಸೈಕಲ್ಲು ತಂದರು. ದುಬೈಯ ಸತ್ವಾದಲ್ಲಿ ಕೊಂಡ ಹಳೆಯ ಸೈಕಲ್ಲು. ಬಸ್ಸಿನಲ್ಲಿ ಹೇಗೆ ತಂದರೋ ದೇವರೇ ಬಲ್ಲ. ಕ್ಯಾನ್ಸರ್ ಆದ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ಮರುಭೂಮಿಯಲ್ಲಿ ಲಿವಾದವರೆಗೆ ದೊಡ್ಡದೊಂದು ಸೈಕಲ್ ಯಾತ್ರೆ ಏರ್ಪಾಡಾಗಿತ್ತು. ಆಸ್ಪತ್ರೆಯಿಂದ ಒಂದು ತಂಡ ಹೋಗುವುದಿತ್ತು. ಡಾಕ್ಟರುಗಳು, ಫಿಸಿಯೋಥೆರಪಿಯ ಹುಡುಗರು ಎಲ್ಲ ಹೆಸರು ಕೊಟ್ಟಿದ್ದರು. ಅವರ ನಡುವೆ ಬಾಯಮ್ಮನ ಹೆಸರು ಕಂಡು ಎಲ್ಲರೂ ತಮಾಷೆ ಎಂದುಕೊಂಡರಂತೆ. ನಾನೂ ಹಾಗೇ ಅಂದುಕೊಂಡೆ. ಸಣ್ಣವರಿದ್ದಾಗ ಅಣ್ಣನ ಸೈಕಲ್ಲನ್ನು ಕದ್ದು ಓಡಿಸಿದ್ದೇ ಅವರಿಗಿದ್ದ ಅನುಭವ. ನನಗಾದರೋ ಎಂಟನೇ ಕ್ಲಾಸಿನಲ್ಲಿ ಸರಕಾರ ಕೊಟ್ಟ ಸೈಕಲ್ಲಿನಲ್ಲಿ ಪುತ್ತೂರಿನ ಏರು ಹತ್ತಿ ಅಭ್ಯಾಸವಿತ್ತು. ಹಾಗಾಗಿ ಸಂಜೆಯ ಹೊತ್ತು ಕಡಲ ದಂಡೆಯ ಕಾರ್ನಿಶ್‌ಗೆ ಅವರೊಂದಿಗೆ ನಾನೂ ಹೋಗತೊಡಗಿದೆ. ಅಲ್ಲಿ ಬಾಡಿಗೆಗೆ ಸಿಗುವ ಸೈಕಲ್ಲು ನನ್ನದು, ಸತ್ವಾದ ಸೈಕಲ್ಲು ಅವರದು.

ಒಂದು ಸಂಜೆ ಸಮುದ್ರದ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕುಳಿತಿದ್ದೆವು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬಾಯಮ್ಮ ಎಂದು ಕೇಳಿಯೇಬಿಟ್ಟೆ. ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಡ್ರೈವರು ಅವರಿಗೆ ಆ ಜಾಗದ ಗುರುತು ಹೇಳಿದ್ದನಂತೆ. ಪೆಟ್ರೋಲ್ ಪಂಪು ದಾಟಿದ ಮೇಲೆ ಒಂದು ತಿರುವು, ಅಲ್ಲಿ ಒಂಟಿ ಗಾಫ್ ಮರ. ನಮ್ಮ ಬನ್ನಿ ಮರವನ್ನೇ ಇಲ್ಲಿ ಗಾಫ್ ಎನ್ನುತ್ತಾರೆ. ಆ ಮರದ ಹತ್ತಿರ. ಒಮ್ಮೆ ಬಾಯಮ್ಮ ಅದೇ ಡ್ರೈವರನೊಂದಿಗೆ ಯಾರದೋ ಕಾರಿನಲ್ಲಿ ಆ ದಾರಿಯಾಗಿ ಹೋಗಿದ್ದರಂತೆ. ಇಲ್ಲೇ ಎಲ್ಲೋ ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಮರ ಹಿಂದೆ ಹೋಗಿತ್ತು.

“ಕಾರಿನಲ್ಲಾದ್ರೆ ಕಣ್ಣು ಮುಚ್ಚಿ ತೆರೆಯುವಾಗ ದಾಟಿ ಹೋಗ್ತದೆ. ಆ ರಸ್ತೆಯಲ್ಲಿ ನಿಲ್ಲಿಸ್ಲಿಕ್ಕೂ ಬಿಡುದಿಲ್ಲ” ಎಂದರು. “ಸೈಕಲಿನಲ್ಲಿ ಮೆಲ್ಲ ಹೋಗ್ಬಹುದಲ್ಲ. ಪೊಲೀಸರೇ ದಾರಿ ಬಿಡಿಸಿ ಕೊಡ್ತಾರೆ.”

ಅವರು ಕರವಸ್ತ್ರ ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ತಾವೇ ಮುಂದುವರಿಸಿದರು.

“ವಾರ್ಡಿನಲ್ಲಿ ಎಷ್ಟು ಜನರ ಹತ್ತಿರ ಕೂತಿದ್ದೇನೆ ನಾನು, ಜೀವ ಹೋಗುವಾಗ. ಊರು ಕೇರಿ ಗೊತ್ತಿಲ್ಲದವರದ್ದು. ಇವರು ಆ ಮಂಜಿನಲ್ಲಿ ಸುಮಾರು ಹೊತ್ತು ಬದುಕಿದ್ರಂತೆ ಮಾರಾಯ್ತಿ. ಒಬ್ಬರಿಗೂ ಕಾಣ್ಲಿಲ್ಲ.”

ಮರುದಿನವೇ ನಾನೂ ಹೆಸರು ಕೊಟ್ಟೆ. ನಮ್ಮವರು ಮೊದಲು ಗೊಣಗಿದರು, ಆಮೇಲೆ ಸಹೋದ್ಯೋಗಿಯೊಬ್ಬರ ಸೈಕಲ್ಲನ್ನು ನನಗಾಗಿ ಎರವಲು ತಂದುಕೊಟ್ಟರು.

ಯಾತ್ರೆಯ ದಿನ ನಮ್ಮನ್ನು ಬಸ್ಸಿನಲ್ಲಿ ಮರುಭೂಮಿಯ ಅಂಚಿನ ಒಂದು ಪಟ್ಟಣಕ್ಕೆ ಕರೆದೊಯ್ದರು. ಬಸ್ಸಿನಿಂದ ಇಳಿದಾಗ ಬೆಳಕು ಹರಿದಿತ್ತು. ಆದರೆ ನಾಲ್ಕು ಮಾರಿನಾಚೆ ಏನೂ ಕಾಣದಷ್ಟು ಮಂಜು. ಸುತ್ತ ನೂರಾರು ಜನ. ಬೆಲೆಬಾಳುವ ಸೈಕಲ್ಲುಗಳ ಬಿಳಿಯರು, ನಗುತ್ತ ಫೋಟೋ ತೆಗೆಯುತ್ತಿದ್ದ ಫಿಲಿಪಿನೋ ಹುಡುಗಿಯರು, ಕ್ಲಬ್ಬಿನ ಅಂಗಿ ತೊಟ್ಟ ಇಲ್ಲಿಯ ಅರಬ್ಬಿ ಯುವಕರು. ಹತ್ತಿರ ಬಂದವರಷ್ಟೇ ಕಾಣುತ್ತಿದ್ದರು, ಉಳಿದವರದು ಬರೀ ಮಾತು. ಬಾಯಮ್ಮ ಸೈಕಲ್ಲಿನ ಹ್ಯಾಂಡಲ್ಲನ್ನು ಎರಡೂ ಕೈಯಿಂದ ಬಿಗಿಹಿಡಿದು ನಿಂತಿದ್ದರು. ಚಹ ತಂದುಕೊಟ್ಟೆ, ಕುಡಿಯಲಿಲ್ಲ. ವಾಪಸು ಹೋಗುವುದಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಇಂಥ ಬೆಳಿಗ್ಗೆಯೇ ಇದ್ದಿರಬೇಕು ಅದು ಎಂಬ ಯೋಚನೆ ನಮ್ಮಿಬ್ಬರಿಗೂ ಬಂದಿತ್ತು.

ಮಂಜು ಕರಗುವವರೆಗೂ ಪೊಲೀಸರು ಬಿಡಲಿಲ್ಲ. ಹೊರಟದ್ದು ತಡವಾಯಿತು, ರಸ್ತೆಯನ್ನು ವಾಹನಗಳಿಗೆ ಬಿಟ್ಟುಕೊಡಬೇಕಾದ ಸಮಯ ಮಾತ್ರ ಬದಲಾಗಲಿಲ್ಲ. ಮುಂದಿದ್ದವರೆಲ್ಲ ಬಾಣದ ಹಾಗೆ ಹೋದರು. ನಾವು ಹಿಂದುಳಿದೆವು. ಬಿಸಿಲು ಏರಿತು, ಜೊತೆಗೆ ಎದುರುಗಾಳಿ. ದಿಬ್ಬಗಳ ಮೇಲಿಂದ ಮರಳು ಹಾವಿನಂತೆ ಹರಿದು ರಸ್ತೆಗೆ ಬರುತ್ತಿತ್ತು. ಹಲ್ಲಿನ ಸಂದಿನಲ್ಲೆಲ್ಲ ಮರಳು. ಚಕ್ರ ಹೂತಂತಾಗಿ ಎಷ್ಟೋ ಕಡೆ ಇಳಿದು ತಳ್ಳಿದೆವು. ಬಾಯಮ್ಮ ಮುಂದೆ, ನಾನು ಹಿಂದೆ. ಅವರ ಬೆನ್ನು ಬಾಗಿತ್ತು, ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ.

ನಮ್ಮ ಹಿಂದೆ ಉಳಿದದ್ದು ಕೊನೆಯ ವ್ಯಾನು ಮಾತ್ರ. ಆಗದವರನ್ನು ಹತ್ತಿಸಿಕೊಂಡು ಬರುವ ವ್ಯಾನು ಅದು. ಅದರಲ್ಲಿದ್ದ ಸ್ವಯಂಸೇವಕ ಮಲಯಾಳಿ, ಒಳ್ಳೆಯ ಮನುಷ್ಯ. ಪಕ್ಕಕ್ಕೆ ಬಂದು ಹಿಂದಿಯಲ್ಲಿ, ಆಂಟಿ, ಟೈಮ್ ಖಲಾಸ್, ಹತ್ತಿ ಎಂದ. ಬಾಯಮ್ಮ ಕೇಳಿಸದವರಂತೆ ತುಳಿಯುತ್ತಲೇ ಇದ್ದರು. ಎರಡನೆಯ ಸಲ ಅವನು ಬಂದಾಗ ನಾನು ಸೈಕಲ್ಲು ನಿಲ್ಲಿಸಿ, ನನಗೆ ಬರುವ ಹರಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. ಮುಂದೆ ಇದ್ದ ಪೊಲೀಸ್ ಗಾಡಿಗೆ ಫೋನಿನಲ್ಲಿ ಏನೋ ಹೇಳಿದ. ಪೆಟ್ರೋಲ್ ಪಂಪು ದೂರವಿಲ್ಲ, ಅದರಾಚೆಯ ತಿರುವಿನವರೆಗೆ ಬಿಡುತ್ತಾರಂತೆ, ಅದಕ್ಕಿಂತ ಮುಂದೆ ಬೇಡ ಎಂದ. ಅಲ್ಲಿಂದ ವ್ಯಾನು ನಮ್ಮ ಹಿಂದೆಯೇ ಮೆಲ್ಲಗೆ ಬಂತು.

ಪಂಪು ಬಂತು. ದಾಟಿದೆವು. ತಿರುವೂ ಬಂತು.

ತಿರುವು ಕಳೆದದ್ದೇ ಬಾಯಮ್ಮ ಬ್ರೇಕು ಹಿಡಿದರು. ಎದುರಿಗೆ ಒಂಟಿ ಮರವಿರಲಿಲ್ಲ. ರಸ್ತೆಯನ್ನು ಅಗಲ ಮಾಡಿ, ಒಂಟೆಗಳು ನುಗ್ಗದಂತೆ ಉದ್ದಕ್ಕೂ ತಂತಿಬೇಲಿ ಹಾಕಿದ್ದರು. ಬೇಲಿಯಾಚೆ ಕಣ್ಣು ಹರಿಯುವವರೆಗೂ ಗಾಫ್ ಮರಗಳು. ಮರಳನ್ನು ತಡೆಯಲು ಸರಕಾರ ಸಾಲಾಗಿ ನೆಟ್ಟು ನೀರಿನ ಪೈಪು ಎಳೆದ ಮರಗಳು. ಎಲ್ಲವೂ ಒಂದೇ ಎತ್ತರ, ಒಂದೇ ಬಣ್ಣ. ಎಲ್ಲದರ ಮೇಲೂ ಒಂದೇ ಧೂಳು.

ಬಾಯಮ್ಮ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಬೇಲಿಯ ಉದ್ದಕ್ಕೆ ನಡೆದರು. ಅಷ್ಟು ದೂರ ಹೋಗಿ ತಿರುಗಿ ಬಂದರು. ಒಂದೊಂದು ಮರವನ್ನೂ ದಿಟ್ಟಿಸಿ ನೋಡಿದರು, ಅದೇನಾದರೂ ಗುರುತು ಹೇಳೀತು ಎಂಬಂತೆ. ಹಳೆಯ ಮರವನ್ನು ಕಡಿದಿದ್ದರೋ, ಇವುಗಳ ನಡುವೆ ಅದೂ ಇತ್ತೋ, ಅಥವಾ ಆ ಡ್ರೈವರು ಹೇಳಿದ್ದು ಬೇರೆಯೇ ತಿರುವೋ... ಯಾರನ್ನು ಕೇಳುವುದು? ವ್ಯಾನಿನವನು ಇಂಜಿನ್ ಆಫ್ ಮಾಡಿದ. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

“ಆಗ ಒಂದೇ ಮರ ಇತ್ತಲ್ಲ” ಎಂದರು ಬಾಯಮ್ಮ, ನನಗಲ್ಲ.

ಅವರು ಕಿಸೆಯಲ್ಲಿ ಮೇಣದಬತ್ತಿ ತಂದಿದ್ದರು. ಆ ಗಾಳಿಯಲ್ಲಿ ಕಡ್ಡಿ ಗೀರುವುದು ಸಾಧ್ಯವಿರಲಿಲ್ಲ. ಗೀರಿ ನೋಡಲೂ ಇಲ್ಲ. ಕೊನೆಗೆ ಬೇಲಿಯ ಒಂದು ಕಂಬದ ಹತ್ತಿರ ಹೋಗಿ ನಿಂತರು. ಅದೇ ಕಂಬ ಯಾಕೆಂದು ನನಗೆ ತಿಳಿಯದು.

“ಇಲ್ಲೇ ಅಂತ ಇರ್ಲಿ” ಎಂದರು. “ಎಲ್ಲಿಯಾದ್ರೂ ಒಂದು ಕಡೆ ನಿಲ್ಬೇಕಲ್ಲ.”

ಶಿಲುಬೆಯ ಗುರುತು ಮಾಡಿ ಕೊಂಕಣಿಯಲ್ಲಿ ಪ್ರಾರ್ಥಿಸಿದರು. ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಗಾಳಿಯಲ್ಲಿ ಹೋಗುತ್ತಿತ್ತು. ಮುಗಿಸಿ ಬಂದು, ಹೋಗುವ ಎಂದರು. ವ್ಯಾನಿನಲ್ಲಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದವರು ಲಿವಾ ತಲಪುವವರೆಗೂ ತೆರೆಯಲಿಲ್ಲ. ಅಲ್ಲಿ ಡೇರೆ, ಸಂಗೀತ, ಬಿರಿಯಾನಿ. ವ್ಯಾನಿನಲ್ಲಿ ಬಂದವರಿಗೂ ಪದಕ ತೊಡಿಸುತ್ತಿದ್ದರು. ಬಾಯಮ್ಮ ಕೊರಳು ಬಗ್ಗಿಸಿ ತೊಡಿಸಿಕೊಂಡರು, ಫೋಟೋಕ್ಕೂ ನಿಂತರು. ಆ ಫೋಟೋ ಆಸ್ಪತ್ರೆಯ ಗ್ರೂಪಿನಲ್ಲಿ ಬಂದಾಗ ಎಲ್ಲರೂ ಅಭಿನಂದಿಸಿದರು.

ಆಮೇಲೆ ಅವರು ಆ ಸೈಕಲ್ಲನ್ನು ಮುಟ್ಟಲಿಲ್ಲ. ಪ್ಯಾಸೇಜಿನಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಗಂಡನ ವಿಷಯವನ್ನೂ ಮತ್ತೆ ಎತ್ತಲಿಲ್ಲ. ಮೊದಲು ಈರುಳ್ಳಿ ಹೆಚ್ಚುತ್ತಾ ಸಲೀಸಾಗಿ ಮಾತಾಡುತ್ತಿದ್ದವರು ಈಗ ರೇಡಿಯೋ ಹಾಕಿಕೊಂಡು ಅಡುಗೆ ಮಾಡುತ್ತಿದ್ದರು. ಆ ಜಾಗವನ್ನು ನೋಡಿದರೆ ಮನಸ್ಸು ಹಗುರವಾದೀತು ಎಂದು ನಾವಿಬ್ಬರೂ ನಂಬಿದ್ದೆವು. ಹೋಗುವುದಕ್ಕೆ ಮುಂಚೆ ಅವರ ಬಳಿ ಒಂದು ಮರವಾದರೂ ಇತ್ತು. ಅದನ್ನೂ ನಾವು ಅಲ್ಲಿ ಕಳೆದುಕೊಂಡು ಬಂದೆವೇನೋ...

ನಮ್ಮವರಿಗೆ ದುಬೈಯಲ್ಲಿ ಕೆಲಸ ಸಿಕ್ಕಿ ನಾವು ಮನೆ ಬದಲಾಯಿಸಿದೆವು. ಹೊರಡುವ ದಿನ ಬಾಯಮ್ಮ ಮೀನಿನ ಮಸಾಲೆ ಅರೆದು ಡಬ್ಬಿ ತುಂಬ ಕೊಟ್ಟರು. ಫೋನಿನಲ್ಲಿ ಮಾತು ನಡೆದೇ ಇತ್ತು. ನಾನು ಬಸುರಿ ಎಂದು ತಿಳಿದ ಮೇಲೆ ದಿನಕ್ಕೊಂದು ಉಪದೇಶ. ಅಷ್ಟರಲ್ಲಿ ಕೊರೊನಾ ಬಂತು. ಅವರಿಗೆ ಅದೇ ವಾರ್ಡಿನಲ್ಲಿ ಡ್ಯೂಟಿ ಬಿತ್ತು. ಫೋನು ಮಾಡಿದಾಗಲೆಲ್ಲ ದಣಿದ ದನಿ. ಆಮೇಲೆ ಕೆಮ್ಮು. ಆಮೇಲೆ ಫೋನು ಎತ್ತಲಿಲ್ಲ. ದುಬೈಯಿಂದ ಅಬುಧಾಬಿಗೆ ಸುಲಭವಾಗಿ ಹೋಗಲು ಬಿಡದ ದಿನಗಳು ಅವು, ನನ್ನ ಮಡಿಲಲ್ಲಿ ಎಳೆಗೂಸು. ಸುದ್ದಿ ತಿಳಿಸಿದ್ದು ಅವರ ವಾರ್ಡಿನ ಇನ್ನೊಬ್ಬ ನರ್ಸು. ಆಕೆ ಅಳುತ್ತಿದ್ದಳು. ಕೊನೆಗೆ ಹತ್ತಿರ ಯಾರಿದ್ದರು ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಆಕೆಯೂ ತಾನಾಗಿ ಹೇಳಲಿಲ್ಲ.

ಊರಿಗೆ ವಿಮಾನಗಳಿರಲಿಲ್ಲ. ಇಲ್ಲಿಯೇ, ಅಬುಧಾಬಿಯ ಹೊರವಲಯದ ಮರಳಿನಲ್ಲಿ ಮಣ್ಣು ಮಾಡಿದರು.

ಅಲ್ಲಿಗೆ ನಾನು ಹೋಗಿದ್ದು ತುಂಬ ತಡವಾಗಿ, ಹೋದ ಚಳಿಗಾಲದಲ್ಲಿ. ಕಾವಲುಗಾರ ದಾರಿ ತೋರಿಸಿದ. ಅವರ ಹೆಸರು ಬರೆದ ಸಣ್ಣ ಕಲ್ಲು, ಬದಿಯಲ್ಲಿ ಯಾರೋ ಇಟ್ಟುಹೋದ ಪ್ಲಾಸ್ಟಿಕ್ ಹೂವು. ಮಧ್ಯಾಹ್ನದ ಬಿಸಿಲು. ನಮ್ಮವರು ಕಾರಿನ ಹತ್ತಿರವೇ ನಿಂತಿದ್ದರು. ಮಗಳು ನನ್ನ ಬೆರಳು ಹಿಡಿದುಕೊಂಡಿದ್ದಳು. ಇದು ಯಾರು, ನಮ್ಮ ಅಜ್ಜಿಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಲ್ಲ ಎಂದೆ. ಮತ್ತೆ ಯಾರು ಎಂದಳು.

“ನಮ್ಮ ಮನೆಯಲ್ಲಿದ್ದವರು ಮಗಾ” ಎಂದೆ.

ಅವಳು ತಲೆಯಾಡಿಸಿದಳು. ಇನ್ನೂ ಏನಾದರೂ ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಬಗ್ಗಿ ಕಲ್ಲಿನ ಮೇಲಿನ ಮರಳನ್ನು ಕೈಯಿಂದ ಒರೆಸಿದೆ.