ರಾಗಿ ತೆನೆಯ ಅಂಚು

ನಾನು ನಿಂತಿದ್ದದ್ದು ಹೊಳೆನರಸೀಪುರದ ನೇಕಾರರ ಬೀದಿಯ ಕೊನೆಯಲ್ಲಿರುವ ಅಮ್ಮನ ಗುಡಿಯೊಳಗೆ, ಗರ್ಭಗುಡಿಯ ಬಾಗಿಲಿಗೆ ಎದುರಾಗಿ, ಎಡಗಡೆಯ ಮೊದಲ ಕಂಬಕ್ಕೆ ಹೆಗಲು ತಾಗುವಂತೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ಕಾರ್ತಿಕದ ಒಂದು ಶುಕ್ರವಾರ, ದೀಪ ಹಚ್ಚುವ ಹೊತ್ತು. ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಇಬ್ಬರೂ ನನಗಿಂತ ಗಿಡ್ಡ. ಅವರ ತಲೆಯ ಮೇಲಿಂದ ಅಮ್ಮನ ವಿಗ್ರಹ ಮೊಣಕಾಲಿನವರೆಗೂ ನನಗೆ ಕಾಣುತ್ತಿತ್ತು.

ಅರ್ಚಕರು ಆರತಿ ಎತ್ತಿದರು. ಬೆಳಕು ಮೊದಲು ಮುಖದ ಮೇಲೆ ಬಿತ್ತು, ಆಮೇಲೆ ಕೆಳಗಿಳಿಯಿತು. ಅಮ್ಮನ ಮೈಮೇಲೆ ಹೊಸ ಸೀರೆ ಇತ್ತು. ಹಸಿರು ಮೈ, ಅರಿಶಿನ ಬಣ್ಣದ ಅಂಚು. ಅಂಚಿನಲ್ಲಿ ಕಂದು ಬಣ್ಣದ ರಾಗಿ ತೆನೆಗಳು, ಒಂದು ಮೇಲ್ಮುಖ, ಒಂದು ಕೆಳಮುಖ. ಪ್ರತಿ ತೆನೆಗೂ ಒಳಕ್ಕೆ ಮಡಿಸಿದ ಐದು ಬೆರಳು. ಅಂಚುಗಳನ್ನು ನೋಡಿ ಬರೆಯುವುದೇ ನನ್ನ ಕೆಲಸವಾಗಿತ್ತು. ಮಾವಿನಕಾಯಿ, ಹಂಸ, ರುದ್ರಾಕ್ಷಿ, ಗೋಪುರ ಎಷ್ಟೋ ಬರೆದಿದ್ದೆ. ರಾಗಿಯನ್ನು ಯಾರಾದರೂ ಸೀರೆಗೆ ಹತ್ತಿಸಿದ್ದನ್ನು ಕಂಡಿರಲಿಲ್ಲ.

ಮುಂದಿದ್ದ ಹೆಂಗಸು ಪಕ್ಕದವಳನ್ನು ತಿವಿದಳು. “ನೋಡಕ್ಕ, ಅಮ್ಮ ರಾಗಿ ಉಟ್ಟವ್ಳೆ!”

“ಅವ್ಳಿಗೂ ಮುದ್ದೆ ಅಂದ್ರೆ ಇಷ್ಟ ಕಣೆ, ಸುಮ್ನೆ ಕೈ ಮುಗಿ.”

ನಾನು ಆಗ ಸಂಸ್ಥಾನದ ನಮೂನೆ ನೋಂದಣಿ ಕಚೇರಿಯಲ್ಲಿ ನಕ್ಷೆ ಬರೆಯುವವನು. ಪಾತ್ರೆಗೆ ಹೊಸ ಆಕಾರ, ಬಟ್ಟೆಗೆ ಹೊಸ ಅಂಚು ಕಂಡುಹಿಡಿದವನು ನಮ್ಮಲ್ಲಿ ನೋಂದಾಯಿಸಿದರೆ, ಕೆಲವು ವರ್ಷ ಬೇರೆ ಯಾರೂ ಅದನ್ನು ನಕಲು ಮಾಡುವಂತಿರಲಿಲ್ಲ. ಆದರೆ ಕಚೇರಿ ಹಳೆಯ ಕಾಲದ್ದು. ಅರ್ಜಿದಾರರು ವಸ್ತುವನ್ನೇ ಕಳಿಸಬೇಕಿತ್ತು. ಒಂದು ಕೋಣೆಯ ತುಂಬ ಗಿಂಡಿ, ದೀಪದ ಕಂಬ, ಕಂಬಳಿ, ಬೀಗ. ದಾಖಲೆಗಳೆಲ್ಲ ಅರ್ಜಿದಾರರ ಹೆಸರಿನ ಪ್ರಕಾರ. ಹಂಸದ ಅಂಚು ಈ ಮೊದಲು ಬಂದಿತ್ತೇ ಎಂದು ಕೇಳಿದರೆ, ಮುದುಕ ಗುಮಾಸ್ತರೊಬ್ಬರು ಕಣ್ಣು ಮುಚ್ಚಿ ಯೋಚಿಸಿ ಹೇಳಬೇಕಿತ್ತು. ಅವರಿಗೆ ಜ್ವರ ಬಂದ ವಾರ ನೋಂದಣಿಯೇ ನಿಲ್ಲುತ್ತಿತ್ತು.

ಆ ವರ್ಷ ಹೊಸ ಅಧಿಕಾರಿ ಬಂದರು. ಮಾತು ಕಡಿಮೆ, ಶುಚಿಯಾದ ಮನುಷ್ಯ. ಪ್ರತಿ ನಮೂನೆಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಅದರ ಚಿತ್ರ, ಬಳ್ಳಿಗಳೆಲ್ಲ ಒಂದು ಖಾನೆಗೆ, ಹಕ್ಕಿಗಳೆಲ್ಲ ಇನ್ನೊಂದಕ್ಕೆ ಎಂದು ಏರ್ಪಾಟು ಮಾಡಿದರು. ನಾಡಿನಲ್ಲಿ ಮೊದಲಿಂದ ಇರುವ ನಮೂನೆಗಳನ್ನೂ ಕಾರ್ಡಿಗೆ ಹತ್ತಿಸಬೇಕೆಂದು ನಮ್ಮನ್ನು ಜಿಲ್ಲೆಗಳಿಗೆ ಅಟ್ಟಿದರು. ಹಾಗೆ ನಾನು ಶ್ರವಣಬೆಳಗೊಳದ ಹಿತ್ತಾಳೆ ಅಂಗಡಿಗಳಲ್ಲಿ ಗಿಂಡಿಯ ಮೂತಿಗಳನ್ನು ಬರೆದು, ಚನ್ನರಾಯಪಟ್ಟಣದಲ್ಲಿ ಕಂಬಳಿಯ ಅಂಚುಗಳನ್ನು ಬರೆದು, ಹೊಳೆನರಸೀಪುರಕ್ಕೆ ಬಂದಿದ್ದೆ. ಅವರ ಇನ್ನೊಂದು ಹೊಸ ಆಜ್ಞೆ, ತಕರಾರುಗಳ ವಿಚಾರಣೆಯನ್ನು ಆಯಾ ಜಿಲ್ಲೆಯ ಊರಿನಲ್ಲೇ ನಡೆಸಬೇಕು ಎನ್ನುವುದು. “ಬಡವನೂ ತನ್ನ ಸಾಕ್ಷಿಗಳನ್ನು ಕರೆತರುವಂತಾಗಬೇಕು” ಎಂದರು. ನನಗೆ ಆ ಮಾತು ಬಹಳ ಹಿಡಿಸಿತು.

ಅಮ್ಮನಿಗೆ ಆ ಸೀರೆ ನೇಯ್ದ ನೇಕಾರನಿಗೆ ಆಗ ನಲವತ್ತರ ಹತ್ತಿರ. ಮನೆಯಲ್ಲಿ ಮೂರು ಮಗ್ಗ, ತಾಯಿ, ಇಬ್ಬರು ತಮ್ಮಂದಿರು. ಗಿರಣಿ ಸೀರೆ ಬಂದ ಮೇಲೆ ಎರಡು ಮಗ್ಗ ಸುಮ್ಮನೆ ಕೂತಿದ್ದವು. ತಮ್ಮಂದಿರು ಊರು ಬಿಡುವ ಮಾತಾಡುತ್ತಿದ್ದರು. ರಾಗಿ ಅಂಚು ತನ್ನೊಬ್ಬನದೇ ಆದರೆ ಮೂರು ಮಗ್ಗವೂ ಆಡುತ್ತವೆ ಎಂದು ಅವನ ಲೆಕ್ಕ. ನಮ್ಮ ಕಚೇರಿಯ ಪ್ರಕಟಣೆಯನ್ನು ಯಾರೋ ಓದಿ ಹೇಳಿದ್ದರು. ಆ ಶುಕ್ರವಾರ ಕಳೆದು ಸೋಮವಾರ ಅವನು ಅರ್ಜಿ ಹಾಕಿದ.

ಅರ್ಜಿ ಬಂದಾಗ ನಾನು ಅಧಿಕಾರಿಗೆ, ಈ ಸೀರೆಯನ್ನು ಗುಡಿಯಲ್ಲಿ ನೋಡಿದ್ದೇನೆ ಎಂದು ಹೇಳಿದೆ. ಅರ್ಜಿಗೆ ಮೊದಲೇ ಸಾರ್ವಜನಿಕರು ಕಂಡ ನಮೂನೆ ಹೊಸದಲ್ಲ ಎನ್ನುವುದು ಕಾನೂನು. ಅವರು ಅರ್ಜಿಯನ್ನು ಮತ್ತೊಮ್ಮೆ ಓದಿ, “ಯಾರಾದರೂ ತಕರಾರು ತೆಗೆದರೆ ಆಗ ವಿಚಾರಿಸೋಣ. ಕಾರ್ಡಿನಲ್ಲಿ ಇಂಥದ್ದು ಇಲ್ಲವಲ್ಲ?” ಎಂದರು. ಇರಲಿಲ್ಲ. ನೋಂದಣಿಯಾಯಿತು. ಆ ಕಾರ್ಡಿಗೆ ತೆನೆ ಬರೆದವನು ನಾನೇ.

ಮರುವರ್ಷ ಹಾಸನದ ಜವಳಿ ವ್ಯಾಪಾರಿಯೊಬ್ಬರು ಅದೇ ಅಂಚನ್ನು ಬೇರೆ ಕಡೆ ಅಗ್ಗವಾಗಿ ನೇಯಿಸಿ ತಂದರು. ನೇಕಾರ ದೂರು ಕೊಟ್ಟ. ವ್ಯಾಪಾರಿ, ಈ ಅಂಚು ನೋಂದಣಿಗೆ ಮೊದಲೇ ಎಲ್ಲರಿಗೂ ಗೊತ್ತಿತ್ತು, ನೋಂದಣಿ ರದ್ದಾಗಬೇಕು ಎಂದರು. ಅದನ್ನು ಹೇಳಲು ಅವರ ಕಡೆ ಒಬ್ಬ ಸಾಕ್ಷಿಯೂ ಇರಲಿಲ್ಲ. ನೇಕಾರರ ಬೀದಿಯಿಂದ ಅವರ ಪರ ಯಾರು ಬರುತ್ತಾರೆ?

ವಿಚಾರಣೆ ಹಾಸನದ ಪ್ರವಾಸಿ ಬಂಗಲೆಯ ಜಗಲಿಯಲ್ಲಿ. ಬೆಳಗಿನ ರೈಲಿಗೆ ನೇಕಾರ ಬಂದ. ಅವನ ಹಿಂದೆ ಇಡೀ ಬೀದಿ ಬಂತು. ಹೆಂಗಸರು ಬುತ್ತಿ ಗಂಟು ಸಮೇತ ಬಂದಿದ್ದರು. ಅವನ ಮುಖ ಅರಳಿತ್ತು. ನನ್ನನ್ನು ಕಂಡು, “ಬೀದಿಗ್ ಬೀದಿನೇ ಬಂದ್ಬುಟ್ಟದೆ ಸಾ. ಸೀರೆ ನಂದು ಅಂತ ಇವ್ರೆಲ್ಲ ಏಳಿದ್ಮೇಲೆ ಇನ್ನೇನಯ್ತೆ?” ಎಂದ.

ನಾನು ಕಚೇರಿಯವನು. ಏನೂ ಹೇಳುವಂತಿರಲಿಲ್ಲ.

ವ್ಯಾಪಾರಿಯ ವಕೀಲರು ಮೊದಲ ಸಾಕ್ಷಿಯನ್ನು ಮೆಲ್ಲಗೆ ಕೇಳಿದರು. “ಈ ಅಂಚನ್ನ ಮೊದಲು ಎಲ್ಲಿ ನೋಡಿದ್ರಿ ಯಜಮಾನ್ರೆ?”

“ಅಮ್ಮನ ಗುಡೀಲಿ ಸಾ. ಶುಕ್ರವಾರ. ಎಲ್ಲಾರ್ಗಿಂತ ಮೊದ್ಲು ನಾನೇ ನೋಡಿದ್ದು.”

ಹಿಂದಿನಿಂದ ಒಬ್ಬ ಎದ್ದ. “ಲೇ, ಸುಳ್ಳೇಳ್ಬ್ಯಾಡ ಕಣ್ಲಾ. ನೀನ್ ಬರೋ ಒತ್ಗೆ ಮಂಗಳಾರತಿ ಮುಗ್ದಿತ್ತು. ಮೊದ್ಲು ನಾನು ಸಾ, ಬರ್ಕೊಳ್ಳಿ.”

ಜಗಲಿಯೆಲ್ಲ ನಕ್ಕಿತು. ನೇಕಾರನೂ ನಕ್ಕ. ವಕೀಲರು ನಗಲಿಲ್ಲ, ಇನ್ನಷ್ಟು ವಿನಯವಾಗಿ ಮುಂದಿನವರನ್ನು ಕರೆದರು. ನೇಕಾರನ ತಂಗಿಯ ಗಂಡ ಅರಕಲಗೂಡಿನವನು. “ನಮ್ಮೂರ್ಗೂ ಭಾನ್ವಾರಕ್ಕೇ ಸುದ್ದಿ ಬಂದಿತ್ತು ಸಾ. ಅಮ್ಮ ರಾಗಿ ಉಟ್ಟವ್ಳಂತೆ ಅಂತ. ನಮ್ಮ ಬಾವನ ಕೈಕೆಲ್ಸ ಅಂದ್ರೆ ಅಂಗೆ!”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. “ನಿಮ್ಮನ್ನ ಕೇಳ್ತಿರೋದು ಸೀರೆ ಯಾರದು ಅಂತಲ್ಲ. ಯಾವಾಗ ನೋಡಿದಿರಿ ಅಂತ. ತಿಳೀತಾ?”

“ತಿಳೀತು ಸಾ. ಸೀರೆ ಇವನ್ದೇ.”

ಎಲ್ಲರೂ ಹಾಗೆಯೇ ಹೇಳಿದರು. ಒಬ್ಬರಿಗಿಂತ ಒಬ್ಬರು ಮೊದಲು ನೋಡಿದ್ದರು. ಕೊನೆಗೆ ನೇಕಾರನ ತಾಯಿ ಬಂದರು. ಅರ್ಜಿಗೆ ಮೊದಲೇ ಅಮ್ಮನಿಗೆ ಉಡಿಸಿದ್ದೇಕೆ ಎಂದು ವಕೀಲರು ಕೇಳಿದ್ದಕ್ಕೆ ಮುದುಕಿ ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಹೊಸ ಅಂಚಿನ ಮೊದ್ಲ ಸೀರೆ ಅಮ್ಮಂದು. ನಮ್ಮತ್ತೆ ಕಾಲ್ದಿಂದ್ಲೂ ಅಂಗೇಯ. ಇನ್ಯಾರ್ಗೆ ಉಡಿಸ್ಬೇಕಿತ್ತಪ್ಪ? ನಿಮ್ಮ ಆಫೀಸ್ಗಾ?”

ಮತ್ತೆ ನಗು. ನೇಕಾರ ಮಾತ್ರ ಈ ಸಲ ನಗಲಿಲ್ಲ. ಅವನು ವಕೀಲರ ಮುಖ ನೋಡುತ್ತಿದ್ದ, ಆಮೇಲೆ ಅಧಿಕಾರಿಯ ಮುಖ ನೋಡಿದ. ಬೀದಿಯ ಸಾಕ್ಷಿಯೇ ತನ್ನ ನೋಂದಣಿಯನ್ನು ಕೆಡವುತ್ತಿದೆ ಎಂದು ಅವನಿಗೆ ಅರ್ಥವಾದದ್ದು ಆ ಗಳಿಗೆಯಲ್ಲಿ.

ಅಧಿಕಾರಿ ನನ್ನನ್ನು ಕರೆದರು. ಗುಡಿಯ ಕತ್ತಲಲ್ಲಿ, ನೆರಿಗೆ ಹಿಡಿದ ಸೀರೆಯಲ್ಲಿ, ಹಾರಗಳ ನಡುವೆ ಅಂಚಿನ ನಮೂನೆ ಕಾಣುವಂತಿತ್ತೇ, ಬರೀ ಬಣ್ಣ ಕಾಣುತ್ತಿತ್ತೇ ಎಂದು ಕೇಳಿದರು. ನಮೂನೆ ಕಾಣಲಿಲ್ಲ ಎನ್ನುವುದೊಂದೇ ನೇಕಾರನಿಗೆ ಉಳಿದಿದ್ದ ದಾರಿ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಎಲ್ಲಿ ನಿಂತಿದ್ದೆ ಎಂದು ಹೇಳಿದೆ. ಮುಂದೆ ಯಾರಿದ್ದರು, ಆರತಿ ಎಲ್ಲಿಯವರೆಗೆ ಇಳಿಯಿತು ಎಂದು ಹೇಳಿದೆ. ಹಾರಗಳು ಸೊಂಟದವರೆಗೆ ಮಾತ್ರ ಇದ್ದವು ಎಂದೆ. ತೆನೆ ಕಂಡಿತು, ತೆನೆಯ ಐದು ಬೆರಳೂ ಕಂಡವು ಎಂದೆ.

ಅಧಿಕಾರಿ ನೇಕಾರನನ್ನು ಕೇಳಿದರು. “ಇವರು ಹೇಳಿದ್ದು ನಿಜವೇನಪ್ಪ?”

“ನಿಜ ಸಾ. ಬೆರಳು ಐದೇ.”

ನೋಂದಣಿ ರದ್ದಾಯಿತು. ಆಜ್ಞೆಯನ್ನು ಕಾನೂನಿನ ಭಾಷೆಯಲ್ಲಿ ಓದಿದ್ದರಿಂದ ಬೀದಿಯವರಿಗೆ ಏನೂ ತಿಳಿಯಲಿಲ್ಲ. ಹಳೆಯ ರೀತಿಯಲ್ಲಿ ಕಾಗದಗಳು ಮಾತ್ರ ರಾಜಧಾನಿಗೆ ಹೋಗಿದ್ದರೆ ಇವರಲ್ಲಿ ಯಾರೂ ಅಲ್ಲಿಗೆ ಬರುತ್ತಿರಲಿಲ್ಲ ಎಂದು ನಾನು ಯೋಚಿಸುತ್ತಿದ್ದೆ.

ಸಂಜೆ ನೇಕಾರನ ಮಾದರಿ ಬಟ್ಟೆಯನ್ನು ಹಿಂದಿರುಗಿಸಲು ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರಮ್ಮಿನ ಮೇಲೆ ಬುತ್ತಿ ಬಿಚ್ಚಿದ್ದರು. ಮೊದಲು ನೋಡಿದವರು ಯಾರೆಂದು ಇನ್ನೂ ಜಗಳ ನಡೆದಿತ್ತು. ನೇಕಾರ ಬಟ್ಟೆ ಇಸಿದುಕೊಂಡು ಮಡಿಸಿ ಕಂಕುಳಲ್ಲಿಟ್ಟ.

“ಇವ್ರಿಗೆ ಈಗ್ಲೇ ಏಳ್ಬ್ಯಾಡಿ ಸಾ. ಉಣ್ಲಿ. ಊರು ಸೇರಿದ್ಮೇಲೆ ನಾನೇ ಏಳ್ತೀನಿ.”

ಅಧಿಕಾರಿ ಕಚೇರಿಗೆ ಮರಳಿದ ಮೇಲೆ, ದೇವರಿಗೆ ಅರ್ಪಿಸಿದ ಮೊದಲ ವಸ್ತುವನ್ನು ಸಾರ್ವಜನಿಕ ಪ್ರದರ್ಶನವೆಂದು ಎಣಿಸಬಾರದು ಎಂದು ಸರ್ಕಾರಕ್ಕೆ ಬರೆದರು. ನಾನಿದ್ದಷ್ಟು ದಿನ ಅದಕ್ಕೆ ಉತ್ತರ ಬರಲಿಲ್ಲ. ಅಗ್ಗದ ರಾಗಿ ಅಂಚು ಹಿರೀಸಾವೆಯ ಅಂಗಡಿಯವರೆಗೂ ಹೋಯಿತು. ನೇಕಾರನ ತಮ್ಮಂದಿರು ಊರು ಬಿಟ್ಟರು. ಯುದ್ಧದ ನಡುವೆ ಒಮ್ಮೆ ಆ ಬೀದಿಗೆ ಹೋದಾಗ ಒಂದೇ ಮಗ್ಗದ ಸದ್ದು ಇತ್ತು. ಅದರಲ್ಲಿ ಅವನು ಹೊಸ ಅಂಚೊಂದನ್ನು ಎತ್ತಿದ್ದ, ಅವರೆಕಾಯಿಯದು. ಈ ಸಲ ಮೊದಲು ಅರ್ಜಿ ಹಾಕು ಎಂದೆ. ಅವನು ಲಾಳಿ ನಿಲ್ಲಿಸದೆ, “ಮೊದ್ಲು ಅಮ್ಮ ಸಾ. ಆಮೇಲೆ ನೀವು” ಎಂದ. ಅರ್ಜಿ ಬರಲೇ ಇಲ್ಲ.

ಅವನೂ ಇಲ್ಲ, ಅವನ ತಾಯಿಯೂ ಇಲ್ಲ, ಅಧಿಕಾರಿಯೂ ಇಲ್ಲ. ಆ ಶುಕ್ರವಾರ ಸೀರೆಯನ್ನು ಕಂಡವರಲ್ಲಿ ನನಗೆ ತಿಳಿದಂತೆ ನನ್ನ ಹೊರತು ಇಬ್ಬರು ಬದುಕಿದ್ದಾರೆ. ಒಬ್ಬರು ಅರ್ಚಕರ ಮಗ. ಅಂದು ತಂದೆಯ ಪಕ್ಕದಲ್ಲಿ ಗಂಟೆ ಬಾರಿಸಿದವರು, ಈಗ ಹಾಸನದಲ್ಲಿ ಮೇಷ್ಟರು. ಇನ್ನೊಬ್ಬರು ನೇಕಾರನ ತಂಗಿ. ನನ್ನ ಮುಂದೆ ನಿಂತು ಪಕ್ಕದವರನ್ನು ತಿವಿದವರು ಅವರೇ. ಅರಕಲಗೂಡಿನಲ್ಲಿದ್ದಾರೆ. ಅಮ್ಮನ ಮೈಯಿಂದ ಇಳಿದ ಮೇಲೆ ಆ ಸೀರೆ ಪ್ರಸಾದವಾಗಿ ಅವರಿಗೇ ಸಿಕ್ಕಿತು, ಇನ್ನೂ ಅವರ ಪೆಟ್ಟಿಗೆಯಲ್ಲಿದೆ.